ಹಳೆಯ ಮಿನಿ ಕೂಪರ್ ಎಸ್ ತಗೊಳ್ಳಬಹುದಾ? ಮೊದಲು ಡಿಪ್‌ಸ್ಟಿಕ್ ಎಳೆದು ನೋಡಿ

ಪ್ರಶ್ನೆ: 2009ರ ಮಿನಿ ಕೂಪರ್ ಎಸ್ ಒಂದು ಮಾರಾಟಕ್ಕಿದೆ. ಮ್ಯಾನ್ಯುಯಲ್ ಗೇರ್, 1,10,000 ಕಿ.ಮೀ. ಓಡಿದೆ. ತಗೊಂಡರೆ ನಾನು ಮೂರನೇ ಓನರ್. ಟೈಮಿಂಗ್ ಚೈನ್ ಎರಡು ವರ್ಷದ ಹಿಂದೆ ಹೊಸದು ಹಾಕಿಸಿದ್ದೇವೆ ಎನ್ನುತ್ತಾರೆ, ಬಿಲ್ ಇಲ್ಲ. ಪವರ್ ಜಾಸ್ತಿ ಮಾಡಲು ಟ್ಯೂನ್ ಮಾಡಿಸಿದ್ದಾರೆ. ಓಡಿಸಿ ನೋಡಿದೆ, ಮನಸ್ಸು ಅದರಲ್ಲೇ ಉಳಿದುಬಿಟ್ಟಿದೆ. ಬೆಲೆಯೂ ಇದೇ ವರ್ಷದ ಬೇರೆ ಗಾಡಿಗಳಿಗಿಂತ ತುಂಬಾ ಕಡಿಮೆ. ಆದರೆ ಈ ಎಂಜಿನ್‌ಗೆ ಒಳ್ಳೆ ಹೆಸರಿಲ್ಲ ಅಂತ ಕೇಳಿದವರೆಲ್ಲ ಹೇಳುತ್ತಾರೆ. ಕೈಯಲ್ಲಿರುವ ದುಡ್ಡೆಲ್ಲ ಗಾಡಿಗೇ ಆಗುತ್ತದೆ. ದಿನಾ ಕೆಲಸಕ್ಕೆ ಹೋಗುವುದೂ ಇದರಲ್ಲೇ. ತಗೊಳ್ಳಲಾ, ಬೇಡವಾ?

ಉತ್ತರ: ನೀವು ಬರೆದಿರುವಷ್ಟನ್ನೇ ಹಿಡಿದು ಹೇಳುವುದಾದರೆ, ಈ ಗಾಡಿ ಬೇಡ. ಆದರೆ ಎಂಜಿನ್‌ಗೆ ಕೆಟ್ಟ ಹೆಸರಿದೆ ಎನ್ನುವುದು ನನ್ನ ಕಾರಣ ಅಲ್ಲ. ಕೆಟ್ಟ ಹೆಸರಿನ ಎಂಜಿನ್ ಇರುವ ಗಾಡಿಗಳನ್ನು ಧೈರ್ಯವಾಗಿ ತಗೊಳ್ಳಿ ಅಂತ ಎಷ್ಟೋ ಜನಕ್ಕೆ ಹೇಳಿದ್ದೇನೆ. ಇಲ್ಲಿ ತೊಂದರೆ ಇರುವುದು ಮೂರು ಕಡೆ. ಬಿಲ್ ಇಲ್ಲ, ಟ್ಯೂನ್ ಇದೆ, ನಿಮ್ಮ ಕೈಯಲ್ಲಿ ಆಮೇಲೆ ದುಡ್ಡು ಉಳಿಯುವುದಿಲ್ಲ. ಇವುಗಳಲ್ಲಿ ಒಂದೇ ಒಂದು ಇದ್ದಿದ್ದರೆ ಮಾತಾಡಬಹುದಿತ್ತು.

ಮೊದಲು ಈ ಎಂಜಿನ್ ಯಾವುದು ಅಂತ ತಿಳಿದುಕೊಳ್ಳಿ. ನೀವು ನೋಡಿದ್ದು ಆರ್56 ಅನ್ನುವ ತಲೆಮಾರಿನ ಮಿನಿ. ಅದರ ಕೂಪರ್ ಎಸ್‌ನಲ್ಲಿ 2010ರವರೆಗೆ ಬಂದಿದ್ದು ಎನ್14 ಎಂಜಿನ್. ಬಿಎಂಡಬ್ಲ್ಯು ಮತ್ತು ಫ್ರಾನ್ಸಿನ ಪಿಎಸ್ಎ, ಅಂದರೆ ಪೂಜೊ-ಸಿಟ್ರೊಯೆನ್ ಗುಂಪು, ಇಬ್ಬರೂ ಸೇರಿ ಮಾಡಿದ 1.6 ಲೀಟರ್ ಟರ್ಬೊ. 175 ಅಶ್ವಶಕ್ತಿ, 240 ಎನ್ಎಂ ಟಾರ್ಕ್. ಪೂರ್ತಿ ಆಕ್ಸಿಲರೇಟರ್ ಒತ್ತಿದರೆ ಸ್ವಲ್ಪ ಹೊತ್ತು 260 ಎನ್ಎಂ ಕೊಡುತ್ತದೆ. ಅಷ್ಟು ಸಣ್ಣ ಗಾಡಿಗೆ ಇದು ಕಡಿಮೆಯೇನಲ್ಲ. ನಿಮ್ಮ ಮನಸ್ಸು ಅಲ್ಲೇ ಉಳಿದದ್ದರಲ್ಲಿ ಆಶ್ಚರ್ಯ ಇಲ್ಲ ಬಿಡಿ. ಗಾಡಿ ನಿಜಕ್ಕೂ ಅಷ್ಟು ಚೆನ್ನಾಗಿ ಓಡುತ್ತದೆ.

ಈಗ 'ಗೊತ್ತಿರುವ ಸಮಸ್ಯೆ' ಎನ್ನುವ ಮಾತಿಗೆ ಬರೋಣ. ಎಲ್ಲ ಸಮಸ್ಯೆಗಳನ್ನೂ ಒಂದೇ ತಕ್ಕಡಿಗೆ ಹಾಕಬಾರದು. ಫೋರ್ಡ್ ಫೋಕಸ್ ಆರ್‌ಎಸ್‌ನ ವಿಷಯ ನೋಡಿ. 2016-17ರ ಕೆಲವು ಗಾಡಿಗಳಿಗೆ ಫ್ಯಾಕ್ಟರಿಯಲ್ಲೇ ತಪ್ಪು ಹೆಡ್ ಗ್ಯಾಸ್ಕೆಟ್ (ಎಂಜಿನ್ ಬ್ಲಾಕ್‌ಗೂ ಮೇಲಿನ ಹೆಡ್‌ಗೂ ನಡುವಿನ ಸೀಲ್) ಹಾಕಿದ್ದರು, ಮಸ್ಟಾಂಗ್‌ನ 2.3 ಎಂಜಿನ್‌ನದು. ಕೂಲೆಂಟ್ ಸಿಲಿಂಡರ್ ಒಳಗೆ ಸೋರುತ್ತಿತ್ತು, ಬೆಳಿಗ್ಗೆ ಸ್ಟಾರ್ಟ್ ಮಾಡಿದರೆ ಬಿಳಿ ಹೊಗೆ. ಸರಿಯಾದ ಗ್ಯಾಸ್ಕೆಟ್ ಹಾಕಿ, ಹೆಡ್ ಪರೀಕ್ಷಿಸಿದ ಮೇಲೆ ಆ ಕತೆ ಅಲ್ಲಿಗೆ ಮುಗಿಯಿತು. ಹಾಗೆ ರಿಪೇರಿ ಆಗಿರುವುದಕ್ಕೆ ದಾಖಲೆ ಇರುವ ಆರ್‌ಎಸ್ ಸಿಕ್ಕರೆ ಆ ದೋಷದ ಬಗ್ಗೆ ನಾನು ಎರಡನೇ ಸಲ ಯೋಚನೆ ಮಾಡುವುದಿಲ್ಲ.

ಇನ್ನೊಂದು ಬಗೆ ಫೋಕ್ಸ್‌ವ್ಯಾಗನ್‌ನ ಐದನೇ ತಲೆಮಾರಿನ ಗಾಲ್ಫ್ ಜಿಟಿಐನದು. ಅದರ 2.0 ಟರ್ಬೊದಲ್ಲಿ ವಾಲ್ವ್ ತೆರೆಯುವ ಕ್ಯಾಮ್‌ಶಾಫ್ಟ್‌ಗೂ ಹೈ ಪ್ರೆಶರ್ ಪೆಟ್ರೋಲ್ ಪಂಪ್‌ಗೂ ನಡುವೆ ಫಾಲೋವರ್ ಅನ್ನುವ ಒಂದು ಪುಟ್ಟ ಲೋಹದ ಸಾಮಾನು ಇರುತ್ತದೆ. ಅದು ಸವೆಯುತ್ತದೆ. ಆಗಾಗ ತೆಗೆದು ನೋಡಿ, ಸವೆದಿದ್ದರೆ ಹೊಸದು ಹಾಕಿದರೆ ಏನೂ ಇಲ್ಲ. ನೋಡದೇ ಬಿಟ್ಟರೆ ತೂತು ಬಿದ್ದು ಕ್ಯಾಮ್‌ಶಾಫ್ಟನ್ನೇ ತಿನ್ನುತ್ತದೆ. ಕಾಯಿಲೆ ಗೊತ್ತು, ಔಷಧ ಅಗ್ಗ.

ನಿಮ್ಮ ಮಿನಿಯ ಎನ್14 ಈ ಎರಡರ ಸಾಲಿಗೂ ಸೇರುವುದಿಲ್ಲ. ಅದರ ಚೈನ್ ಒಂದು ಸಲ ಬದಲಾಯಿಸಿದರೆ ಮುಗಿಯುವ ವಿಷಯ ಅಲ್ಲ. ಅದು ಗಾಡಿ ಇಟ್ಟುಕೊಂಡವರ ಅಭ್ಯಾಸಕ್ಕೆ ಅಂಟಿಕೊಂಡಿರುವ ಸಮಸ್ಯೆ. ಹೇಗೆ ಅಂತ ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ನಿಮ್ಮ ತೀರ್ಮಾನ ನಿಂತಿರುವುದೇ ಇದರ ಮೇಲೆ.

ಪಿಸ್ಟನ್‌ಗಳು ತಿರುಗಿಸುವ ಕ್ರ್ಯಾಂಕನ್ನೂ ಮೇಲಿನ ಕ್ಯಾಮ್‌ಶಾಫ್ಟ್‌ಗಳನ್ನೂ ಜೋಡಿಸಿ, ವಾಲ್ವ್‌ಗಳು ಸರಿಯಾದ ಹೊತ್ತಿಗೆ ತೆರೆಯುವಂತೆ ಮಾಡುವುದು ಟೈಮಿಂಗ್ ಚೈನ್. ಅದು ಬಿಗಿಯಾಗಿ ಇರಬೇಕು. ಅದನ್ನು ಬಿಗಿಯಾಗಿ ಒತ್ತಿ ಹಿಡಿಯುವುದು ಟೆನ್ಷನರ್. ಈ ಟೆನ್ಷನರ್ ಒಳಗೆ ಸ್ಪ್ರಿಂಗ್ ಇದೆ ನಿಜ, ಆದರೆ ಮುಖ್ಯ ಬಲ ಬರುವುದು ಎಂಜಿನ್ ಆಯಿಲ್ ಪ್ರೆಶರ್‌ನಿಂದ. ರಾತ್ರಿಯಿಡೀ ನಿಂತ ಗಾಡಿಯಲ್ಲಿ ಆಯಿಲ್ ಕೆಳಗೆ ಇಳಿದಿರುತ್ತದೆ. ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಪ್ರೆಶರ್ ಏರುವವರೆಗಿನ ಆ ಕೆಲವು ಸೆಕೆಂಡು ಚೈನ್ ಸಡಿಲವಾಗಿ ಪ್ಲಾಸ್ಟಿಕ್ ಗೈಡ್‌ಗಳಿಗೆ ಬಡಿಯುತ್ತದೆ. ಡಬ್ಬಿಯಲ್ಲಿ ಮೊಳೆ ಹಾಕಿ ಅಲ್ಲಾಡಿಸಿದ ಹಾಗೆ ಸದ್ದು. ಈ ಗಾಡಿ ಇಟ್ಟುಕೊಂಡವರು ಇದಕ್ಕೆ ಡೆತ್ ರ‍್ಯಾಟಲ್ ಅಂತಲೇ ಹೆಸರಿಟ್ಟಿದ್ದಾರೆ. ಬಡಿದೂ ಬಡಿದೂ ಗೈಡ್ ಸೀಳುತ್ತದೆ, ಚೂರುಗಳು ಕೆಳಗಿನ ಸಂಪ್‌ಗೆ ಬೀಳುತ್ತವೆ, ಕೆಲವೊಮ್ಮೆ ಆಯಿಲ್ ಎಳೆಯುವ ಜಾಲರಿಗೇ ಅಡ್ಡ ಕೂರುತ್ತವೆ. ಇನ್ನೊಂದು ಕಡೆ ಚೈನ್ ಸವೆದು ಉದ್ದವಾಗುತ್ತದೆ. ಒಂದು ದಿನ ಹಲ್ಲು ಹಾರಿತು ಅಂದರೆ ಪಿಸ್ಟನ್ ಮೇಲೆ ಬರುವ ಹೊತ್ತಿಗೆ ವಾಲ್ವ್ ತೆರೆದೇ ಇರುತ್ತದೆ. ಎರಡೂ ಡಿಕ್ಕಿ. ಆಮೇಲೆ ಹೆಡ್ ಬಿಚ್ಚದೇ ಬೇರೆ ದಾರಿ ಇಲ್ಲ.

ಇನ್ನು ಇದಕ್ಕೇ ಸೇರಿಕೊಂಡ ಇನ್ನೊಂದು ವಿಷಯ. ಈ ಎಂಜಿನ್ ಆಯಿಲ್ ತಿನ್ನುತ್ತದೆ. ಒಟ್ಟು ಹಿಡಿಯುವುದೇ ಸುಮಾರು 4.2 ಲೀಟರ್. ಕಂಪನಿ ಕೊಟ್ಟ ಸರ್ವಿಸ್ ಲೆಕ್ಕದಲ್ಲಿ ಒಂದು ಆಯಿಲ್ ಬದಲಾವಣೆಯಿಂದ ಇನ್ನೊಂದಕ್ಕೆ 20,000 ಕಿ.ಮೀ. ದಾಟಿ ಹೋಗಬಹುದು. ನಡುವೆ ಬಾನೆಟ್ ಎತ್ತದ ಓನರ್ ಕೈಯಲ್ಲಿ ಆಯಿಲ್ ಒಂದೂವರೆ ಲೀಟರ್ ಕಡಿಮೆ ಆಗಿದ್ದರೂ ಗೊತ್ತಾಗುವುದಿಲ್ಲ. ಕೆಂಪು ಆಯಿಲ್ ಲೈಟ್ ಇದೆಯಲ್ಲ ಅನ್ನಬಹುದು. ಅದು ಪ್ರೆಶರ್ ಬಿದ್ದಾಗ ಉರಿಯುವ ಲೈಟ್. ಅದು ಉರಿಯುವಷ್ಟರಲ್ಲಿ ಟೆನ್ಷನರ್ ಪೆಟ್ಟು ತಿಂದಾಗಿರುತ್ತದೆ.

ಅದಕ್ಕೇ ಈ ಗಾಡಿ ನೋಡಲು ಹೋದಾಗ ನಾನು ಮೊದಲು ಕೈ ಹಾಕುವುದು ಡಿಪ್‌ಸ್ಟಿಕ್‌ಗೆ, ಅಂದರೆ ಆಯಿಲ್ ಮಟ್ಟ ನೋಡುವ ಕಡ್ಡಿಗೆ. ಮಾರುವವರು ತೊಳೆದು, ಪಾಲಿಶ್ ಮಾಡಿ, ಸೀಟಿಗೆ ಸೆಂಟ್ ಹೊಡೆದು ನಿಲ್ಲಿಸಿರುತ್ತಾರೆ. ಡಿಪ್‌ಸ್ಟಿಕ್ ಮಾತ್ರ ಹಾಗೇ ಬಿಟ್ಟಿರುತ್ತಾರೆ. ಎಳೆದು, ಒರೆಸಿ, ಮತ್ತೆ ಹಾಕಿ ನೋಡಿ. ಆಯಿಲ್ ಕೆಳಗಿನ ಗೆರೆ ಹತ್ತಿರ, ಕಪ್ಪಗೆ, ನೀರಿನ ಹಾಗೆ ತೆಳ್ಳಗೆ ಇದ್ದರೆ ಆ ಓನರ್ ಏನು ಹೇಳಿದರೂ ಕೇಳಬೇಡಿ. ಮೇಲಿನ ಗೆರೆಯ ಹತ್ತಿರ ಇದ್ದು ಡಿಕ್ಕಿಯಲ್ಲಿ ಅರ್ಧ ಖಾಲಿಯಾದ ಆಯಿಲ್ ಕ್ಯಾನ್ ಒಂದು ಇದ್ದರೆ ನನಗೆ ಅದು ದೊಡ್ಡ ಸಮಾಧಾನ. ಅಂಥವರು ಗಾಡಿ ಆಯಿಲ್ ತಿನ್ನುವುದನ್ನು ಒಪ್ಪಿಕೊಂಡು ಬಾಳಿದವರು. 'ನಮ್ಮ ಗಾಡಿ ಒಂದು ತೊಟ್ಟೂ ತಿನ್ನಲ್ಲ' ಎನ್ನುವವರಿಗಿಂತ 'ಇಷ್ಟು ಕಿಲೋಮೀಟರಿಗೆ ಇಷ್ಟು ಹಾಕ್ತೀನಿ' ಎನ್ನುವವರನ್ನು ನಾನು ಜಾಸ್ತಿ ನಂಬುತ್ತೇನೆ. ಕೇಳಿ ನೋಡಿ: ಕೊನೆಯ ಸಲ ಆಯಿಲ್ ಯಾವಾಗ ಟಾಪ್ ಅಪ್ ಮಾಡಿದ್ರಿ? ಉತ್ತರ ತಡವಾದರೆ ಅದೇ ಉತ್ತರ.

ಈಗ ಬಿಲ್ ವಿಷಯ. 'ಚೈನ್ ಹಾಕಿಸಿದ್ದೇವೆ' ಎನ್ನುವ ಮಾತಿಗೆ ಬೇರೆ ಬೇರೆ ಅರ್ಥ ಇರಬಹುದು. ಬರೀ ಟೆನ್ಷನರ್ ಬದಲಾಯಿಸಿ ಚೈನ್ ಹಾಕಿಸಿದೆವು ಅನ್ನುವವರಿದ್ದಾರೆ. ಟೆನ್ಷನರ್ ಹೊರಗಿನಿಂದಲೇ ಬಿಚ್ಚಿ ಹಾಕಬಹುದಾದ ಸಾಮಾನು, ಬೇಗ ಮುಗಿಯುವ ಕೆಲಸ. ಹೊಸದು ಹಾಕಿದರೆ ಕೆಲವು ತಿಂಗಳು ಸದ್ದೂ ನಿಲ್ಲುತ್ತದೆ, ಸವೆದ ಚೈನ್ ಮಾತ್ರ ಒಳಗೇ ಇರುತ್ತದೆ. ಪೂರ್ತಿ ಕೆಲಸ ಅಂದರೆ ಚೈನ್, ಎಲ್ಲ ಗೈಡ್‌ಗಳು, ಟೆನ್ಷನರ್, ಜೊತೆಗೆ ಒಂದೇ ಸಲ ಬಳಸಬೇಕಾದ ಬೋಲ್ಟ್‌ಗಳು, ಇಷ್ಟೂ ಹೊಸದು. ಎಷ್ಟೋ ಗ್ಯಾರೇಜ್‌ಗಳು ಎಡವುವ ಜಾಗವೂ ಇಲ್ಲೇ ಇದೆ. ಈ ಎಂಜಿನ್‌ನಲ್ಲಿ ಕ್ರ್ಯಾಂಕ್ ಸ್ಪ್ರಾಕೆಟ್‌ಗೆ, ಅಂದರೆ ಚೈನ್ ಕೂರುವ ಹಲ್ಲಿನ ಚಕ್ರಕ್ಕೆ, ಅದು ಜಾರದಂತೆ ತಡೆಯುವ ಲೋಹದ ಕೀ ಇಲ್ಲ. ಮಧ್ಯದ ಬೋಲ್ಟಿನ ಬಿಗಿತದಿಂದಲೇ ಅದು ತಿರುಗದೆ ನಿಲ್ಲಬೇಕು. ಕ್ರ್ಯಾಂಕ್ ಮತ್ತು ಎರಡೂ ಕ್ಯಾಮ್‌ಶಾಫ್ಟ್‌ಗಳನ್ನು ಅದಕ್ಕೇ ಮಾಡಿದ ಟೂಲ್‌ನಿಂದ ಲಾಕ್ ಮಾಡಿ, ಹೊಸ ಬೋಲ್ಟನ್ನು ಹೇಳಿದಷ್ಟು ಟಾರ್ಕ್ ಮತ್ತು ಕೋನಕ್ಕೆ ಬಿಗಿ ಮಾಡಬೇಕು. ಅಂದಾಜಿನ ಮೇಲೆ ಗುರುತು ಹಾಕಿ ಜೋಡಿಸಿದವರ ಕೆಲಸ ಒಂದಲ್ಲ ಒಂದು ದಿನ ಜಾರುತ್ತದೆ. ಹಾಗಾಗಿ ಬಿಲ್‌ನಲ್ಲಿ ನಾನು ನೋಡುವುದು ಮೊತ್ತವನ್ನಲ್ಲ, ಸಾಮಾನುಗಳ ಪಟ್ಟಿಯನ್ನು. ಬೋಲ್ಟ್‌ಗಳ ಹೆಸರು ಅದರಲ್ಲಿದ್ದರೆ ಕೆಲಸ ಗೊತ್ತಿರುವವರು ಮಾಡಿದ್ದಾರೆ ಎಂದು ಅರ್ಥ.

ಬಿಲ್ ಕಳೆದುಹೋಗಿದ್ದರೆ? ಯಾವ ಗ್ಯಾರೇಜ್ ಅಂತ ಕೇಳಿ, ಅಲ್ಲಿಗೇ ಫೋನ್ ಮಾಡಿ. ನಿಜವಾಗಿ ಮಾಡಿಸಿದವರಿಗೆ ಎಲ್ಲಿ ಮಾಡಿಸಿದೆವು ಅನ್ನುವುದು ಮರೆಯುವುದಿಲ್ಲ, ಅಷ್ಟು ಖರ್ಚಿನ ಕೆಲಸ ಅದು. ಗ್ಯಾರೇಜಿನ ಹೆಸರೂ ನೆನಪಿಲ್ಲ ಅಂದರೆ ಚೈನ್ ಬದಲಾಗಿಲ್ಲ ಎಂದೇ ಲೆಕ್ಕ ಹಾಕಿ.

ಸುಳ್ಳು ಹೇಳುತ್ತಿದ್ದಾರೆ ಅಂತಲೇ ಅಲ್ಲ. ಹಿಂದಿನ ಓನರ್ ಅವರಿಗೆ ಹೇಳಿದ್ದನ್ನೇ ಅವರು ನಿಮಗೆ ಹೇಳುತ್ತಿರಬಹುದು.

ಮತ್ತೆ ಗಾಡಿ ನೋಡುವುದಾದರೆ ಒಂದು ಷರತ್ತು ಹಾಕಿ: ನಾನು ಬರುವವರೆಗೂ ಸ್ಟಾರ್ಟ್ ಮಾಡಬೇಡಿ. ಹೋದ ಕೂಡಲೇ ಬಾನೆಟ್ ಮೇಲೆ ಅಂಗೈ ಇಟ್ಟು ನೋಡಿ. ಬಿಸಿ ಇದ್ದರೆ ಆ ದಿನದ ಪರೀಕ್ಷೆ ಅಲ್ಲಿಗೇ ಮುಗಿಯಿತು, ಇನ್ನೊಂದು ದಿನ ಬರುತ್ತೇನೆ ಅನ್ನಿ. ತಣ್ಣಗಿದ್ದರೆ ಬಾನೆಟ್ ಎತ್ತಿ, ನೀವು ಬೆಲ್ಟ್ ಇರುವ ಕಡೆ ನಿಂತುಕೊಳ್ಳಿ, ಸೆಲ್ಫ್ ಅವರು ಹೊಡೆಯಲಿ. ನೇರ ಇಂಜೆಕ್ಷನ್ ಎಂಜಿನ್ ಆದ್ದರಿಂದ ಇಂಜೆಕ್ಟರ್‌ಗಳ ಟಿಕ್ ಟಿಕ್ ಸದಾ ಇರುತ್ತದೆ. ಅದಕ್ಕೆ ಹೆದರಬೇಡಿ. ಕಿವಿಗೆ ಬೀಳಬಾರದ್ದು ಹಲ್ಲು ಕಡಿದಂಥ ಒರಟು ಕಟಕಟ. ಮೊದಲ ಕೆಲವು ಸೆಕೆಂಡಿನಲ್ಲಿ ಬಂದು ಹೋದರೂ ಬಂದ ಹಾಗೇ ಲೆಕ್ಕ.

ಸೆಲ್ಫ್ ಎಷ್ಟು ಹೊತ್ತು ತಿರುಗಿತು ಅನ್ನುವುದನ್ನೂ ಗಮನಿಸಿ. ತುಂಬಾ ಹೊತ್ತು ತಿರುಗಿ ಆಮೇಲೆ ಎಂಜಿನ್ ಹತ್ತಿದರೆ ಹೈ ಪ್ರೆಶರ್ ಪಂಪ್ ಮೇಲೆ ಅನುಮಾನ ಪಡಬೇಕು. ಇದು ಈ ಎಂಜಿನ್‌ನ ಎರಡನೇ ಹೆಸರುವಾಸಿ ದೋಷ. ಪಂಪ್ ಸೋತಾಗ ಓಡುತ್ತಾ ಓಡುತ್ತಾ ಪಿಕಪ್ ಸತ್ತು, ಡ್ಯಾಶ್‌ಬೋರ್ಡ್‌ನಲ್ಲಿ ಹಳದಿ ಲೈಟ್ ಬರುತ್ತದೆ. ಅಮೆರಿಕದಲ್ಲಿ ಇದರ ವಾರಂಟಿಯನ್ನೇ ಕಂಪನಿ ವಿಸ್ತರಿಸಬೇಕಾಯಿತು. ಎಷ್ಟೋ ಗಾಡಿಗಳಲ್ಲಿ ಈಗಾಗಲೇ ಬದಲಾಗಿದೆ, ಆದ್ದರಿಂದ ಇದಕ್ಕೂ ದಾಖಲೆ ಕೇಳಿ.

ಐಡಲ್‌ನಲ್ಲಿ ಎಂಜಿನ್ ನಡುಗುತ್ತಿದ್ದರೆ ಇನ್ಟೇಕ್ ವಾಲ್ವ್‌ಗಳ ಮೇಲೆ ಕಾರ್ಬನ್ ಕೂತಿರಬಹುದು. ಪೆಟ್ರೋಲ್ ನೇರ ಸಿಲಿಂಡರ್ ಒಳಗೆ ಬೀಳುವುದರಿಂದ ಈ ವಾಲ್ವ್‌ಗಳ ಹಿಂಬದಿಯನ್ನು ತೊಳೆಯುವುದಕ್ಕೆ ಏನೂ ಇಲ್ಲ. ಕ್ರ್ಯಾಂಕ್‌ಕೇಸ್‌ನಿಂದ ಬರುವ ಆಯಿಲ್ ಆವಿ ಅಲ್ಲೇ ಸುಟ್ಟು ಗಟ್ಟಿಯಾಗುತ್ತದೆ. ಇದಕ್ಕೆ ಮಾತ್ರ ನಾನು ಗಾಡಿ ಬೇಡ ಅನ್ನುವುದಿಲ್ಲ. ಮ್ಯಾನಿಫೋಲ್ಡ್ ಬಿಚ್ಚಿ, ಆಕ್ರೋಟದ ಸಿಪ್ಪೆಯ ಪುಡಿಯನ್ನು ಗಾಳಿಯ ಒತ್ತಡದಲ್ಲಿ ಹೊಡೆದು ಕ್ಲೀನ್ ಮಾಡುತ್ತಾರೆ. ಗಾಡಿ ಹೊಸದರ ಹಾಗೆ ಉಸಿರಾಡುತ್ತದೆ. ಖರ್ಚಿನ ಲೆಕ್ಕಕ್ಕೆ ಸೇರಿಸಿಕೊಂಡರೆ ಸಾಕು.

ಸೋರುವ ಜಾಗಗಳನ್ನು ಒಂದು ಸುತ್ತು ನೋಡಿ: ಥರ್ಮೋಸ್ಟಾಟ್‌ನ ಪ್ಲಾಸ್ಟಿಕ್ ಹೌಸಿಂಗ್, ವಾಟರ್ ಪಂಪ್, ಟರ್ಬೊಗೆ ಆಯಿಲ್ ಹೋಗುವ ಪೈಪ್, ವಾಲ್ವ್ ಕವರ್. ಗಾಡಿ ಬಿಸಿಯಾಗಿ ನಿಂತಾಗ ಸುಟ್ಟ ಆಯಿಲ್ ವಾಸನೆ ಬಂದರೆ ಆ ಟರ್ಬೊ ಪೈಪೇ ಇರಬಹುದು. ಇನ್ನೊಂದು, 2012ರಲ್ಲಿ ಬಿಎಂಡಬ್ಲ್ಯು ಈ ಟರ್ಬೊ ಮಿನಿಗಳನ್ನು ವಾಪಸ್ ಕರೆಸಿತ್ತು. ಟರ್ಬೊ ತಣಿಸುವ ಸಣ್ಣ ಎಲೆಕ್ಟ್ರಿಕ್ ವಾಟರ್ ಪಂಪ್‌ನ ಸರ್ಕ್ಯೂಟ್ ಬೋರ್ಡ್ ಬಿಸಿಯಾಗಿ ಬೆಂಕಿ ಹಿಡಿಯುವ ಅಪಾಯ ಇತ್ತು. ಚಾಸಿ ನಂಬರ್ ಕೊಟ್ಟರೆ ಅಧಿಕೃತ ಡೀಲರ್ ನೋಡಿ ಹೇಳುತ್ತಾರೆ, ಮುಗಿದಿದೆಯೋ ಇಲ್ಲವೋ ಅಂತ.

ಓಡಿಸುವಾಗ ಹಿಂದೆ ಇನ್ನೊಬ್ಬರು ಬೇರೆ ಗಾಡಿಯಲ್ಲಿ ಬರಲಿ. ಇಳಿಜಾರಿನಲ್ಲಿ ಗೇರಲ್ಲೇ ಕಾಲು ಬಿಟ್ಟು ಬಂದು, ಕೆಳಗೆ ಜೋರಾಗಿ ಆಕ್ಸಿಲರೇಟರ್ ಒತ್ತಿದಾಗ ನೀಲಿ ಹೊಗೆ ಬಂತಾ ಅಂತ ಅವರು ನೋಡಬೇಕು. ಬಂದರೆ ಆಯಿಲ್ ಸುಡುತ್ತಿದೆ. ಎಂಜಿನ್ ಬಿಸಿಯಾದ ಮೇಲೂ ಬಿಳಿ ಹೊಗೆ, ಅದರಲ್ಲೂ ಸಿಹಿ ವಾಸನೆ ಇದ್ದರೆ ಕೂಲೆಂಟ್. ಮುಗಿಸಿ ಬಂದ ಮೇಲೆ, ಗಾಡಿಯ ಕಂಪ್ಯೂಟರಿನಲ್ಲಿರುವ ದೋಷದ ಕೋಡ್‌ಗಳನ್ನು ಓದುವ ಒಬಿಡಿ ಸ್ಕ್ಯಾನರ್ ಹಾಕಿಸಿ. ಕೋಡ್ ಒಂದೂ ಇಲ್ಲ ಅಂತ ಖುಷಿ ಪಡುವ ಮೊದಲು ರೆಡಿನೆಸ್ ಮಾನಿಟರ್‌ಗಳನ್ನು, ಅಂದರೆ ಗಾಡಿ ತನ್ನನ್ನು ತಾನೇ ಪರೀಕ್ಷಿಸಿಕೊಂಡು ಮುಗಿಸಿದೆಯೇ ಅಂತ ತೋರಿಸುವ ಪಟ್ಟಿಯನ್ನು, ನೋಡಿ. ಅವು 'ಪೂರ್ತಿ ಆಗಿಲ್ಲ' ಅಂತ ತೋರಿಸಿದರೆ ಯಾರೋ ಇತ್ತೀಚೆಗೆ ಕೋಡ್ ಅಳಿಸಿದ್ದಾರೆ, ಇಲ್ಲವೇ ಬ್ಯಾಟರಿ ಬಿಚ್ಚಿದ್ದಾರೆ. ಗಾಡಿ ತೋರಿಸುವ ಹಿಂದಿನ ದಿನ ಬ್ಯಾಟರಿ ಬಿಚ್ಚಲು ಕಾರಣ ಏನಿತ್ತು ಅಂತ ನಗುತ್ತಲೇ ಕೇಳಬಹುದು.

ಟ್ಯೂನ್ ಬಗ್ಗೆ ನನ್ನ ಅಭಿಪ್ರಾಯ ಸ್ವಲ್ಪ ಖಾರ. ಆರೋಗ್ಯವಾಗಿರುವ ಎಂಜಿನ್‌ಗೆ, ಒಳ್ಳೆಯ ಕೆಲಸಗಾರರು, ಲೆಕ್ಕ ಇಟ್ಟು ಮಾಡಿದ ಟ್ಯೂನ್ ಬೇರೆ. ಇಲ್ಲಿ ಯಾರು ಮಾಡಿದರು, ಬೂಸ್ಟ್ (ಟರ್ಬೊ ಎಂಜಿನ್ ಒಳಗೆ ತಳ್ಳುವ ಗಾಳಿಯ ಒತ್ತಡ) ಎಷ್ಟು ಏರಿಸಿದರು ಅನ್ನುವುದಕ್ಕೆ ನಿಮ್ಮ ಹತ್ತಿರ ಒಂದು ಚೀಟಿಯೂ ಇಲ್ಲ. ಬೂಸ್ಟ್ ಏರಿದರೆ ಸಿಲಿಂಡರ್ ಒಳಗಿನ ಒತ್ತಡ, ಬಿಸಿ ಎರಡೂ ಏರುತ್ತವೆ. ಪಂಪ್ ಜಾಸ್ತಿ ದುಡಿಯಬೇಕು, ಟರ್ಬೊ ಜಾಸ್ತಿ ತಿರುಗಬೇಕು, ಕ್ಲಚ್ ಜಾಸ್ತಿ ಹಿಡಿಯಬೇಕು. ಮೊದಲೇ ನಾಜೂಕಾದ ಎಂಜಿನ್. ಅದೂ ಅಲ್ಲದೆ, ನೀವು ಓಡಿಸಿ ಖುಷಿಪಟ್ಟದ್ದರಲ್ಲಿ ಒಂದು ಪಾಲು ಆ ಟ್ಯೂನ್‌ನದು. ಕಂಪನಿಯ ಮ್ಯಾಪ್‌ಗೆ, ಅಂದರೆ ಎಂಜಿನ್‌ನ ಮೂಲ ಸಾಫ್ಟ್‌ವೇರ್ ಸೆಟ್ಟಿಂಗ್‌ಗೆ, ವಾಪಸ್ ಹಾಕಿಸಿ ಓಡಿಸಿ ನೋಡಿದ ಮೇಲೂ ಅಷ್ಟೇ ಆಸೆ ಉಳಿಯುತ್ತದಾ ನೋಡಿ.

ದುಡ್ಡಿನ ಲೆಕ್ಕ ಹೀಗೆ ಹಾಕಿ. ಗೊತ್ತಿರುವ ಮೆಕ್ಯಾನಿಕ್ ಹತ್ತಿರ ಪೂರ್ತಿ ಚೈನ್ ಕೆಲಸ, ಕಾರ್ಬನ್ ಕ್ಲೀನಿಂಗ್, ಹೈ ಪ್ರೆಶರ್ ಪಂಪ್, ಥರ್ಮೋಸ್ಟಾಟ್ ಮತ್ತು ವಾಟರ್ ಪಂಪ್, ಇಷ್ಟಕ್ಕೂ ಕೊಟೇಶನ್ ಬರೆಸಿಕೊಳ್ಳಿ. ಲೇಬರ್ ಕೇಳಿ ಗಾಬರಿ ಆಗಬೇಡಿ. ಆ ಪುಟ್ಟ ಬಾನೆಟ್ ಒಳಗೆ ಕೈ ಹೋಗಲು ಜಾಗ ಇಲ್ಲ, ಎಷ್ಟೋ ಕೆಲಸಕ್ಕೆ ಮುಂದಿನ ಬಂಪರ್, ರೇಡಿಯೇಟರ್ ಎಲ್ಲ ಸೇರಿದ ಭಾಗವನ್ನೇ ಮುಂದಕ್ಕೆ ಎಳೆದು ನಿಲ್ಲಿಸಿಕೊಳ್ಳಬೇಕು. ಬಂದ ಮೊತ್ತವನ್ನು ಗಾಡಿಯ ಬೆಲೆಗೆ ಸೇರಿಸಿ. ಅದೇ ಈ ಗಾಡಿಯ ನಿಜವಾದ ಬೆಲೆ. ಬಿಲ್ ಇರುವ, ಚೆನ್ನಾಗಿ ನೋಡಿಕೊಂಡ ಕೂಪರ್ ಎಸ್‌ನ ಬೆಲೆಯನ್ನು ಅದು ದಾಟಿದರೆ ಈ 'ಅಗ್ಗ' ಅಗ್ಗವಲ್ಲ. ನನ್ನ ಅನುಭವದಲ್ಲಿ ಬಹಳ ಸಲ ದಾಟುತ್ತದೆ.

ಇದರ ಜೊತೆ ನಿಮ್ಮ ಪರಿಸ್ಥಿತಿ. ಮನೆಯಲ್ಲಿ ಇನ್ನೊಂದು ಗಾಡಿ ಇದ್ದು, ರಿಪೇರಿಗೆ ಅಂತ ದುಡ್ಡು ಪಕ್ಕಕ್ಕಿಟ್ಟು, ವಾರಾಂತ್ಯಕ್ಕೆ ಅಂತ ಕೇಳಿದ್ದರೆ ನನ್ನ ಉತ್ತರ ಬೇರೆಯೇ ಆಗುತ್ತಿತ್ತು. ಸೋಮವಾರ ಬೆಳಿಗ್ಗೆ ಕೆಲಸಕ್ಕೆ ಹೋಗಲೇಬೇಕಾದವರಿಗೆ ಇದೊಂದೇ ಗಾಡಿ, ಕೈ ಖಾಲಿ ಅಂದರೆ ನಡೆಯುವುದೇನು ಗೊತ್ತಾ? ಸದ್ದು ಕೇಳಿದರೂ 'ಸಂಬಳ ಬರಲಿ' ಅಂತ ಓಡಿಸುತ್ತಾರೆ. ಎನ್14ನಲ್ಲಿ ಆ ಒಂದು ತಿಂಗಳು ಚೈನ್ ಕಿಟ್‌ನ ಖರ್ಚನ್ನು ಎಂಜಿನ್‌ನ ಖರ್ಚು ಮಾಡಿಬಿಡಬಹುದು.

ಮಿನಿಯೇ ಬೇಕು ಅಂತಿದ್ದರೆ ಸ್ವಲ್ಪ ಕಾದು 2011ರ ನಂತರದ ಕೂಪರ್ ಎಸ್ ಹುಡುಕಿ. ಅದರಲ್ಲಿ ಎನ್18 ಎಂಜಿನ್ ಬಂತು, 184 ಅಶ್ವಶಕ್ತಿ. ದೋಷವೇ ಇಲ್ಲ ಅಂತಲ್ಲ, ಥರ್ಮೋಸ್ಟಾಟ್ ಅಲ್ಲೂ ಸೋರುತ್ತದೆ, ಕಾರ್ಬನ್ ಅಲ್ಲೂ ಕೂರುತ್ತದೆ. ಆದರೆ ಒಟ್ಟಾರೆ ಎಷ್ಟೋ ವಾಸಿ. ಒಂದು ಎಚ್ಚರ: ಜಾನ್ ಕೂಪರ್ ವರ್ಕ್ಸ್ ಹೆಸರಿನ ಜಾಸ್ತಿ ಪವರ್‌ನ ಮಾಡೆಲ್‌ನಲ್ಲಿ ಎನ್14 ಆಮೇಲೂ ಸ್ವಲ್ಪ ಕಾಲ ಮುಂದುವರಿಯಿತು. ಹಾಗಾಗಿ ವರ್ಷ ನೋಡಿ ನಂಬಬೇಡಿ, ಚಾಸಿ ನಂಬರ್‌ನಿಂದ ಎಂಜಿನ್ ಯಾವುದು ಅಂತ ಖಚಿತ ಮಾಡಿಕೊಳ್ಳಿ.

ಇಷ್ಟೆಲ್ಲ ಕೇಳಿಯೂ ಇದೇ ಬೇಕು ಅನಿಸಿದರೆ, ಆಸೆ ಅಂದರೆ ಹಾಗೇ, ಬೆಲೆಯನ್ನು ಚೈನ್ ಆಗಿಲ್ಲ ಎನ್ನುವ ಲೆಕ್ಕದಲ್ಲಿ ಮಾತಾಡಿ. ಗಾಡಿ ಮನೆಗೆ ತರಬೇಡಿ, ನೇರ ಗ್ಯಾರೇಜಿಗೆ ಒಯ್ಯಿರಿ. ಟ್ಯೂನ್ ತೆಗೆಸಿ. ಟೆನ್ಷನರ್ ಬಿಚ್ಚಿ ಅದರ ಜಾಗದಲ್ಲಿ ಅಳತೆಯ ಟೂಲ್ ಹಾಕಿದರೆ ಚೈನ್ ಎಷ್ಟು ಉದ್ದವಾಗಿದೆ ಅಂತ ಗೊತ್ತಾಗುತ್ತದೆ. ಮಿತಿ ದಾಟಿದ್ದರೆ ಅವತ್ತೇ ಪೂರ್ತಿ ಕಿಟ್ ಹಾಕಿಸಿ. ಸಂಪ್ ಇಳಿಸಿ ಪ್ಲಾಸ್ಟಿಕ್ ಚೂರು ಇದೆಯಾ ನೋಡಲು ಹೇಳಿ. ಆಯಿಲ್ ಬದಲಾವಣೆ ಇನ್ನು ಮೇಲೆ 8,000 ಕಿ.ಮೀ.ಗೆ ಅಥವಾ ವರ್ಷಕ್ಕೊಮ್ಮೆ, ಯಾವುದು ಮೊದಲೋ ಅದು, ಡ್ಯಾಶ್‌ಬೋರ್ಡ್ ಏನು ಹೇಳಿದರೂ ಸರಿ. ಪ್ರತಿ ಎರಡನೇ ಸಲ ಪೆಟ್ರೋಲ್ ಹಾಕಿಸುವಾಗ ಡಿಪ್‌ಸ್ಟಿಕ್ ನೋಡಿ. ಕಂಪನಿ ಒಪ್ಪಿದ ದರ್ಜೆಯ ಸಿಂಥೆಟಿಕ್ ಆಯಿಲ್ ಒಂದು ಲೀಟರ್ ಡಿಕ್ಕಿಯಲ್ಲೇ ಇರಲಿ.